ಸೊಲ್ಲು ಹಿಡಿದವರ ಹೆಸರೇನು?

‘ಇಂಥವರು ಮತ್ತು ಸಂಗಡಿಗರಿಂದ ಜನಪದ ಗೀತೆಗಳು.’ ಆಕಾಶವಾಣಿ ಕೇಳುತ್ತ ಬೆಳೆದವರಿಗೆ ಈ ಪ್ರಕಟಣೆ ಬಾಯಿಪಾಠ. ಹಾಡು ಮುಗಿದ ಮೇಲೂ ಅದನ್ನೇ ಇನ್ನೊಮ್ಮೆ ಹೇಳಿ ಕೃಷಿರಂಗಕ್ಕೋ ಪ್ರದೇಶ ಸಮಾಚಾರಕ್ಕೋ ಹೋಗಿಬಿಡುತ್ತಿದ್ದರು. ಇಂಥವರಿಗೆ ಹೆಸರಿದೆ, ಹೆಸರಿನ ಹಿಂದೆ ಊರೂ ಇದೆ. ಸಂಗಡಿಗರಿಗೆ ಇರುವುದು ಬಹುವಚನ ಮಾತ್ರ. ಆ ಸಾಲು ರೇಡಿಯೊದಲ್ಲೇ ಉಳಿಯಲಿಲ್ಲ. ಕ್ಯಾಸೆಟ್ಟಿನ ಹೊದಿಕೆಗೆ ಬಂತು, ಜಾತ್ರೆಯ ಆಹ್ವಾನ ಪತ್ರಿಕೆಗೆ ಬಂತು, ಈಗ ಯೂಟ್ಯೂಬ್ ವಿಡಿಯೊಗಳ ಕೆಳಗೂ ಬಂದು ಕೂತಿದೆ. ತಂತ್ರಜ್ಞಾನ ಇಷ್ಟು ಬದಲಾದರೂ ಸಂಗಡಿಗರಿಗೆ ಹೆಸರು ಹುಟ್ಟಲಿಲ್ಲ.

ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಮಟ್ಟಿಗೆ ಇದು ಸಣ್ಣ ವಿಚಾರವಲ್ಲ. ಕಪಿಲೆ, ಕಾವೇರಿ ಹರಿಯುವ ಈ ಸೀಮೆಯಲ್ಲಿ ಮಂಟೇಸ್ವಾಮಿಯ ಒಕ್ಕಲು, ಮಾದಪ್ಪನ (ಮಲೆ ಮಾದೇಶ್ವರನ) ಒಕ್ಕಲು ಇಲ್ಲದ ಊರನ್ನು ಹುಡುಕಬೇಕು. ಮಂಟೇಸ್ವಾಮಿಯ ಕಥೆ ಮಾಡುವವರು ನೀಲಗಾರರು. ಮಾದಪ್ಪನ ಕಥೆ ಮಾಡುವವರು ಕಂಸಾಳೆಯ ದೇವರಗುಡ್ಡರು. ಎರಡೂ ಗುಂಪಿನ ಹಾಡಿಕೆಯೇ. ಒಬ್ಬರು ಮುಂದೆ ಹಾಡುತ್ತಾರೆ, ಇಬ್ಬರೋ ಮೂವರೋ ಹಿಂದೆ ಸೊಲ್ಲು ಹಿಡಿಯುತ್ತಾರೆ. ಈ ಲೇಖನ ಹಿಂದಿನವರ ಪರವಾಗಿದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಕಲೆಯ ಅರ್ಧ ಭಾರ ಹೊತ್ತವರನ್ನು ನಮ್ಮ ಕಾಗದಪತ್ರಗಳು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಇದರಿಂದ ಅವರಿಗೆ ಆಗಿರುವ ನಷ್ಟ ಬರಿಯ ಮರ್ಯಾದೆಯದಲ್ಲ, ಜೀವನೋಪಾಯದ್ದು.

ಅರ್ಧ ಭಾರ ಎಂಬುದು ಉಪಚಾರದ ಮಾತು ಅನ್ನಿಸಬಹುದು. ಹಾಗಾಗಿ ಒಂದು ಕಥೆಯ ರಾತ್ರಿಯನ್ನು ಹತ್ತಿರದಿಂದ ನೋಡೋಣ. ಹರಕೆ ಹೊತ್ತ ಮನೆಯ ಮುಂದೆ ಚಪ್ಪರ. ಮಂಟೇಸ್ವಾಮಿಯ ಲಾಂಛನವಾದ ಕಂಡಾಯ ಇಟ್ಟು ಪೂಜೆ ಆಗಿದೆ. ಮುಂದಿನವರ ಹೆಗಲಿಗೆ ತಂಬೂರಿ ಆನಿಕೊಂಡಿದೆ, ಕೈಯಲ್ಲಿ ಗಗ್ಗರ. ಹಿಂದಿನವರ ಬಳಿ ದಮ್ಮಡಿ, ಡಕ್ಕಿ, ತಾಳ. ಮುಂದಿನವರು ಸಾಲು ಎತ್ತುತ್ತಾರೆ. ಅದರ ಕೊನೆಯ ಅಕ್ಷರ ಅವರ ಬಾಯಲ್ಲಿ ಇನ್ನೂ ಮುಗಿದಿರುವುದಿಲ್ಲ, ಹಿಂದಿನವರು ಅಲ್ಲೇ ಅದನ್ನು ಎತ್ತಿಕೊಂಡು ಸೊಲ್ಲಿಗೆ ಸೇರಿಸುತ್ತಾರೆ. ಸೊಲ್ಲು ಸಾಗುವ ಆ ಒಂದೆರಡು ಉಸಿರಿನಷ್ಟು ಹೊತ್ತಿನಲ್ಲಿ ಮುಂದಿನವರು ತಮ್ಮ ಉಸಿರು ಹದ ಮಾಡಿಕೊಳ್ಳಬೇಕು, ಶ್ರುತಿ ಸರಿಯಿದೆಯೇ ಎಂದು ಕೇಳಿಕೊಳ್ಳಬೇಕು, ಎಲ್ಲಕ್ಕಿಂತ ಮಿಗಿಲಾಗಿ ಮುಂದಿನ ಸಾಲನ್ನು ಕಟ್ಟಿಕೊಳ್ಳಬೇಕು. ಕಟ್ಟಿಕೊಳ್ಳಬೇಕು ಎಂದೇ ಹೇಳುತ್ತೇನೆ. ಏಕೆಂದರೆ ಎದುರಿಗೆ ಪುಸ್ತಕವಿಲ್ಲ, ಬಾಯಿಪಾಠದ ಒಂದೇ ಒಂದು ಖಚಿತ ಪಠ್ಯವೂ ಇಲ್ಲ. ಮಂಟೇಸ್ವಾಮಿ ಕಲ್ಯಾಣಕ್ಕೆ ಬಂದ ಕಥಾಭಾಗದ, ಅಂದರೆ ‘ಕಲ್ಯಾಣದ ಸಾಲಿನ’, ಘಟನೆಗಳು ಗೊತ್ತಿವೆ, ನುಡಿಯ ಅಚ್ಚುಗಳು ಗೊತ್ತಿವೆ, ಆ ರಾತ್ರಿಯ ಪದ ಆ ರಾತ್ರಿಯೇ ಹುಟ್ಟಬೇಕು. ಅದು ಹುಟ್ಟಲು ಬೇಕಾದ ಸಮಯವನ್ನು ಕೊಡುವವರು ಹಿಂದಿನವರು.

ಮುಂದಿನವರ ಮುಖ ನೋಡಿಯೇ ಹಿಮ್ಮೇಳದವರಿಗೆ ತಿಳಿಯುತ್ತದೆ. ಸಾಲು ಬಾಯಿಗೆ ಬರಲಿಲ್ಲವೆಂದರೆ ಸೊಲ್ಲನ್ನು ಇನ್ನೊಂದು ಸುತ್ತು ತಿರುಗಿಸುತ್ತಾರೆ. ಕೂತವರಿಗೆ ಅದು ಭಕ್ತಿಯ ಉಕ್ಕಿನಂತೆ ಕೇಳುತ್ತದೆ. ಹಾಡು ನಿಂತು ಮಾತು ಶುರುವಾದರೆ ಹಿಮ್ಮೇಳದ ಕೆಲಸ ಬೇರೆ. ಹೂಂಗುಟ್ಟಬೇಕು, ಆಮೇಲೇನಾಯ್ತು ಎಂದು ಕೆಣಕಬೇಕು, ಕೇಳುಗರ ಮನಸ್ಸಿನ ಅನುಮಾನವನ್ನು ತಾವೇ ಕೇಳಿ ಕಥೆಗೆ ದಾರಿ ತೆರೆಯಬೇಕು. ನಡುರಾತ್ರಿ ಕಳೆದ ಮೇಲೆ ಮುಂದಿನವರ ದನಿ ಇಳಿಯತೊಡಗುತ್ತದೆ. ಅದನ್ನು ತಮ್ಮ ಸ್ಥಾಯಿಯಿಂದ ಎತ್ತಿ ನಿಲ್ಲಿಸುವವರೂ ಇವರೇ. ಕಥೆ ಕೇಳಿ ಪಳಗಿದ ಮುದುಕರು ‘ಹಿಮ್ಮೇಳ ಸೋತ್ರೆ ಕತೆ ಸೋತಂಗೆ’ ಎನ್ನುವುದು ಸುಮ್ಮನೆ ಅಲ್ಲ.

ಇಷ್ಟೆಲ್ಲ ಕೆಲಸ ಅಚ್ಚಿನ ಪುಟದಲ್ಲಿ ಏನಾಗುತ್ತದೆ? ವಿದ್ವಾಂಸರು ಧ್ವನಿಮುದ್ರಣವನ್ನು ಬರಹಕ್ಕೆ ಇಳಿಸುವಾಗ ಸೊಲ್ಲನ್ನು ಮೊದಲ ಪದ್ಯದ ಕೆಳಗೆ ಒಮ್ಮೆ ಕೊಟ್ಟು ಮುಂದೆ ಬಿಡುವುದು ಸಾಮಾನ್ಯ ರೂಢಿ. ಕಾಗದ ಉಳಿಯಬೇಕಲ್ಲ, ಅದನ್ನು ತಪ್ಪೆನ್ನಲಾರೆ. ಆದರೆ ಹಾಗೆ ಅಚ್ಚಾದ ಕಾವ್ಯವನ್ನು ಓದುವ ವಿದ್ಯಾರ್ಥಿಗೆ ಒಬ್ಬನೇ ಮಹಾಕವಿ ನಿಂತು ಸಾವಿರಾರು ಸಾಲು ನುಡಿದಂತೆ ತೋರುತ್ತದೆ. ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದ ಮಲೆ ಮಾದೇಶ್ವರ ಕಾವ್ಯದ ಇಂಗ್ಲಿಷ್ ಅನುವಾದವನ್ನು ಕೇಂದ್ರ ಸಾಹಿತ್ಯ ಅಕಾಡೆಮಿ 2001ರಲ್ಲಿ ತಂದಾಗ, ಇದು ಹೆಬ್ಬಣಿ ಮಾದಯ್ಯ ಮತ್ತು ಅವರ ತಂಡ ಹಾಡಿದ್ದು ಎಂದು ಪುಸ್ತಕದ ಹೆಸರಿನ ಜೊತೆಯಲ್ಲೇ ಹೇಳಿತು. ತಂಡವನ್ನು ಅಷ್ಟಾದರೂ ನೆನೆದದ್ದು ದೊಡ್ಡದು. ಹಾಡುಗಾರರ ಹೆಸರೇ ಕಾಣಿಸದೆ ಸಂಪಾದಕರ ಹೆಸರಷ್ಟೇ ಮಿಂಚುತ್ತಿದ್ದ ಕಾಲವೂ ಇತ್ತು. ಮಾದಯ್ಯನವರ ಹೆಸರು ಮುಖಪುಟಕ್ಕೆ ಬರಲು ಒಂದು ತಲೆಮಾರು ಹಿಡಿಯಿತು. ‘ತಂಡ’ ಬಿಡಿಬಿಡಿಯಾಗಿ ಮನುಷ್ಯರಾಗಲು ಇನ್ನೊಂದು ತಲೆಮಾರು ಬೇಕೆ ಎಂಬುದು ನನ್ನ ಪ್ರಶ್ನೆ.

ಈ ಪ್ರಶ್ನೆಗೆ ಜಮೈಕಾದಲ್ಲಿ ಒಂದು ಉತ್ತರ ಸಿಗುತ್ತದೆ. ಎಲ್ಲಿಯ ನಂಜನಗೂಡು, ಎಲ್ಲಿಯ ಕಿಂಗ್‌ಸ್ಟನ್ ಎಂದು ಹುಬ್ಬೇರಿಸುವವರಿಗೆ ಒಂದು ಮಾತು. 1960ರ ದಶಕದ ಕೊನೆಯಲ್ಲಿ ಅಲ್ಲಿನ ಬಡವರ ಕೇರಿಗಳಲ್ಲಿ ಹುಟ್ಟಿದ ರೆಗೆ ಸಂಗೀತದ ಬೇರುಗಳು ಚರ್ಚಿನ ಹಾಡಿನಲ್ಲಿವೆ, ರಸ್ತಫಾರಿ ಪಂಥದ ನ್ಯಾಬಿಂಗಿ ಡೋಲುಗಳಲ್ಲಿವೆ, ಗುಲಾಮರಾಗಿ ಬಂದವರು ಹೊತ್ತು ತಂದ ಆಫ್ರಿಕಾದ ಹಾಡಿಕೆಯಲ್ಲಿವೆ. ಒಬ್ಬ ಕರೆಯುವುದು, ಉಳಿದವರು ಓಗೊಡುವುದು ಆ ಹಾಡಿಕೆಯ ಕ್ರಮ. ದೇವರ ಹೆಸರಿನಲ್ಲಿ ಉಳ್ಳವರನ್ನು ಪ್ರಶ್ನಿಸುವುದು ಅದರ ಹುರುಳು. ಹೆಂಡದ ಗಡಿಗೆ ಹೊತ್ತು, ಯಾರೂ ಹತ್ತಿರ ಸೇರಿಸದ ವೇಷದಲ್ಲಿ ಕಲ್ಯಾಣದ ಬಾಗಿಲಿಗೆ ಬಂದು ಶರಣರ ಸಮಾನತೆಯನ್ನೇ ಪರೀಕ್ಷೆಗೆ ಒಡ್ಡಿದ ಮಂಟೇಸ್ವಾಮಿಯ ಒಕ್ಕಲಿಗೆ ಇದು ಪರಕೀಯ ಅನ್ನಿಸಬೇಕಿಲ್ಲ. 2018ರಲ್ಲಿ ಯುನೆಸ್ಕೊ ರೆಗೆಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ರೆಗೆ ಎಂದರೆ ನಮ್ಮ ಹುಡುಗರಿಗೆ ಬಾಬ್ ಮಾರ್ಲಿಯ ಮುಖವಿರುವ ಟೀ ಶರ್ಟು. ಆ ಮುಖದ ಹಿಂದೆ ಮೂವರು ಹೆಂಗಸರಿದ್ದರು. ತಂಡದಲ್ಲಿ ಜೊತೆಗೆ ಹಾಡುತ್ತಿದ್ದ ಪೀಟರ್ ಟಾಷ್, ಬನ್ನಿ ವೇಲರ್ ಇಬ್ಬರೂ ಮಾರ್ಲಿಯಿಂದ ದೂರವಾದ ಮೇಲೆ ಅವರ ಜೊತೆದನಿಗಳ ಜಾಗ ಖಾಲಿಯಾಯಿತು. 1974ರ ಹೊತ್ತಿಗೆ ಆ ಜಾಗಕ್ಕೆ ರೀಟಾ ಮಾರ್ಲಿ, ಜೂಡಿ ಮೋವಾಟ್, ಮಾರ್ಷಿಯಾ ಗ್ರಿಫಿತ್ಸ್ ಬಂದರು. ಅವರ ಗುಂಪಿಗೆ ಒಂದು ಹೆಸರಾಯಿತು, ಐ-ಥ್ರೀಸ್. ಮಾರ್ಲಿ 1981ರಲ್ಲಿ ತೀರಿಕೊಳ್ಳುವವರೆಗೂ ಅವರು ಹಿಂದೆ ನಿಂತು ಹಾಡಿದರು. 1976ರ ಡಿಸೆಂಬರಿನಲ್ಲಿ ಮಾರ್ಲಿಯ ಮನೆಗೆ ನುಗ್ಗಿದ ಬಂದೂಕುಧಾರಿಗಳ ಗುಂಡು ರೀಟಾಳ ತಲೆಗೂ ತಗುಲಿತ್ತು. ಹಿಂದೆ ನಿಲ್ಲುವವರಿಗೆ ಅಪಾಯ ಕಡಿಮೆ ಎಂದು ಯಾರೂ ಹೇಳುವಂತಿಲ್ಲ.

ಮೂವರಲ್ಲಿ ಮಾರ್ಷಿಯಾ ಗ್ರಿಫಿತ್ಸ್‌ಳ ಬದುಕನ್ನು ಸ್ವಲ್ಪ ನಿಂತು ನೋಡಬೇಕು. ಆಕೆ ವೇದಿಕೆ ಹತ್ತಿದ್ದು 1964ರಲ್ಲಿ, ಇನ್ನೂ ಹದಿಹರೆಯದಲ್ಲಿ. 1970ರಲ್ಲಿ ಬಾಬ್ ಆಂಡಿ ಜೊತೆ ಹಾಡಿದ ಜೋಡಿಗೀತೆ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಐದರೊಳಗೆ ಬಂತು. ಅಂದರೆ ಮಾರ್ಲಿಯ ಹಿಂದೆ ನಿಲ್ಲುವ ಮೊದಲೇ ಆಕೆ ಹೆಸರಾಂತ ಗಾಯಕಿ. ಹಿಮ್ಮೇಳಕ್ಕೆ ಬಂದದ್ದು ಹಿಂಬಡ್ತಿ ಎಂದು ಆಕೆಯಾಗಲಿ ಕೇಳುಗರಾಗಲಿ ತಿಳಿಯಲಿಲ್ಲ. ಮಾರ್ಲಿ ಹೋದ ಮೇಲೆ, ಬನ್ನಿ ವೇಲರ್ ಬರೆದುಕೊಟ್ಟ ‘ಎಲೆಕ್ಟ್ರಿಕ್ ಬೂಗಿ’ ಆಕೆಯ ದನಿಯಲ್ಲಿ ಹೊರಬಂತು. ಕೆಲವು ವರ್ಷ ಬಿಟ್ಟು, 1989ರಲ್ಲಿ, ಅದೇ ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿ ಹತ್ತಿತು. ಮದುವೆಮನೆಗಳಲ್ಲಿ ಸಾಲಾಗಿ ನಿಂತು ಕುಣಿಯುವ ಹಾಡಾಗಿ ಇವತ್ತಿಗೂ ಅದು ಅಲ್ಲಿ ಬದುಕಿದೆ. ಮುಂದೆ ಹಾಡಿ, ಹಿಂದೆ ಹಾಡಿ, ಮತ್ತೆ ಮುಂದೆ ಬಂದ ಬದುಕು ಅದು. ಹೀಗೆ ಓಡಾಡಲು ಆಗಿದ್ದು ಎಲ್ಲ ಕಡೆಯೂ ಆಕೆಯ ಹೆಸರು ದಾಖಲಾಗಿದ್ದರಿಂದ. ಧ್ವನಿಮುದ್ರಿಕೆಯ ಹಿಂಬದಿಯಲ್ಲಿ ಅಚ್ಚಾದ ಮೂರು ಹೆಸರನ್ನು ಓದಿ ಮುಂದಿನ ನಿರ್ಮಾಪಕ ಹುಡುಕಿಕೊಂಡು ಬರಬಲ್ಲ. ‘ಸಂಗಡಿಗರು’ ಎಂದು ಓದಿದವನು ಯಾರನ್ನು ಹುಡುಕುತ್ತಾನೆ?

ಜಮೈಕಾವನ್ನು ಸ್ವರ್ಗ ಮಾಡಲು ನಾನು ಹೊರಟಿಲ್ಲ. ಅಲ್ಲಿನ ಸ್ಟುಡಿಯೊ ಮಾಲೀಕರು ಒಂದು ಹಾಡಿಗೆ ಇಷ್ಟು ಎಂದು ಕೈಗಿಟ್ಟು, ಹಕ್ಕನ್ನೆಲ್ಲ ಜೇಬಿಗೆ ಹಾಕಿಕೊಂಡ ಕಥೆಗಳು ಬೇಕಾದಷ್ಟಿವೆ. ಹೆಸರಿದ್ದ ಮಾತ್ರಕ್ಕೆ ಹಣ ಬರಲಿಲ್ಲ. ಆದರೆ ಹೆಸರಿಲ್ಲದೆ ಹಣ ಕೇಳಲೂ ಆಗುವುದಿಲ್ಲ. ಇಂಗ್ಲೆಂಡಿನ ಕ್ಲೇರ್ ಟೋರಿ ಇದಕ್ಕೆ ಒಳ್ಳೆಯ ಸಾಕ್ಷಿ. ಪಿಂಕ್ ಫ್ಲಾಯ್ಡ್ ತಂಡದ 1973ರ ಒಂದು ಹಾಡಿನಲ್ಲಿ ಮಾತಿಲ್ಲದ ಆಲಾಪವನ್ನು ತಾನೇ ಕಲ್ಪಿಸಿ ಹಾಡಿದ್ದಕ್ಕೆ ಆಕೆಗೆ ಸಿಕ್ಕಿದ್ದು 30 ಪೌಂಡ್. ಗಾಯಕಿ ಎಂದು ಆಕೆಯ ಹೆಸರು ಹೊದಿಕೆಯ ಮೇಲಿತ್ತು, ಸ್ವರ ಕಟ್ಟಿದವಳು ಎಂದು ಇರಲಿಲ್ಲ. 2004ರಲ್ಲಿ ಆಕೆ ನ್ಯಾಯಾಲಯಕ್ಕೆ ಹೋದಳು. ಮರುವರ್ಷ ರಾಜಿಯಾಗಿ, ಆ ಹಾಡಿನ ಸಹಕರ್ತೃ ಎಂದು ಆಕೆಯ ಹೆಸರು ಸೇರಿತು. ಮೂವತ್ತು ವರ್ಷ ತಡವಾದರೂ ಜಗಳಕ್ಕೆ ಒಂದು ಹಿಡಿಯಿತ್ತು.

ಅಷ್ಟು ದೂರ ಹೋಗದೆ ತಿರುಮಕೂಡಲಿಗೇ ಬನ್ನಿ. ತಿ. ನರಸೀಪುರದ ಸಂಗಮದ ಮಗ್ಗುಲಿನ ಈ ಊರಿನಲ್ಲಿ 1895ರಲ್ಲಿ ಹುಟ್ಟಿದ ಚೌಡಯ್ಯನವರು ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾಗಿ, ಪಿಟೀಲು ಹಿಡಿದು ದಕ್ಷಿಣ ಭಾರತವನ್ನೆಲ್ಲ ಸುತ್ತಿದರು. ಅವರ ಕೀರ್ತಿಯ ದೊಡ್ಡ ಪಾಲು ಪಕ್ಕವಾದ್ಯದ್ದು. ಚೆಂಬೈ ವೈದ್ಯನಾಥ ಭಾಗವತರ ಹಾಡಿಕೆ, ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗ, ಚೌಡಯ್ಯನವರ ಪಿಟೀಲು ಎಂದರೆ ಸಭೆ ತುಂಬುತ್ತಿತ್ತು. ಮೈಕು ಇಲ್ಲದ ದಿನಗಳಲ್ಲಿ ಹಿಂದಿನ ಸಾಲಿನವರಿಗೂ ನಾದ ಮುಟ್ಟಲಿ ಎಂದು ಅವರು ನಾಲ್ಕು ತಂತಿಯ ಪಿಟೀಲನ್ನು ಏಳು ತಂತಿಗೆ ಏರಿಸಿದರು. 1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯಿಂದ ಸಂಗೀತ ಕಲಾನಿಧಿ ಬಂತು. ತೀರಿಕೊಂಡದ್ದು 1967ರಲ್ಲಿ. ಬೆಂಗಳೂರಿನಲ್ಲಿ ಅವರ ನೆನಪಿಗೆ ಪಿಟೀಲಿನ ಆಕಾರದ ಸಭಾಂಗಣವೇ ಎದ್ದು ನಿಂತಿದೆ. ಪಕ್ಕದಲ್ಲಿ ಕೂತವರ ಹೆಸರಿನಲ್ಲಿ ಇಷ್ಟು ದೊಡ್ಡ ಕಟ್ಟಡ ಬೇರೆಲ್ಲಾದರೂ ಇದೆಯೋ ಇಲ್ಲವೋ.

ಚೌಡಯ್ಯನವರ ಪ್ರತಿಭೆಗೆ ಸಾಟಿ ಇಲ್ಲ, ಒಪ್ಪೋಣ. ಆದರೆ ಪ್ರತಿಭೆಯೊಂದೇ ಅವರನ್ನು ಚೌಡಯ್ಯನವರನ್ನಾಗಿ ಮಾಡಲಿಲ್ಲ. ಸಂಗೀತ ಸಭೆಯ ಆಹ್ವಾನ ಪತ್ರಿಕೆಯಲ್ಲಿ ಹಾಡುಗಾರರ ಕೆಳಗೆ ಪಿಟೀಲು ಇಂಥವರು, ಮೃದಂಗ ಇಂಥವರು, ಘಟ ಇಂಥವರು ಎಂದು ಬರೆಯುವ ಪದ್ಧತಿ ಇತ್ತು. ವಿಮರ್ಶೆ ಬರೆಯುವವರೂ ಒಂದು ವಾಕ್ಯವನ್ನಾದರೂ ಪಕ್ಕವಾದ್ಯಕ್ಕೆ ಮೀಸಲಿಡುತ್ತಿದ್ದರು. ಪಕ್ಕವಾದ್ಯದವರ ಸಂಭಾವನೆಯ ಮಾತು ಅವರೊಂದಿಗೇ ನಡೆಯುತ್ತಿತ್ತು. (ಅದೇ ಪತ್ರಿಕೆಯಲ್ಲಿ ತಂಬೂರ ಮೀಟುವ ಶಿಷ್ಯರ ಹೆಸರು ಅಪರೂಪ. ಸಭೆಯೂ ಪೂರಾ ನ್ಯಾಯವಂತವಲ್ಲ.) ಕರಾವಳಿಗೆ ಹೋದರೆ ಯಕ್ಷಗಾನದ ಕರಪತ್ರ ನೋಡಿ. ಭಾಗವತರು, ಮದ್ದಳೆ, ಚೆಂಡೆ ಎಂದು ಹಿಮ್ಮೇಳದ ಹೆಸರುಗಳೇ ಮೊದಲು ಬರುತ್ತವೆ, ಮುಮ್ಮೇಳ ಆಮೇಲೆ. ಇಂಥ ಭಾಗವತರ ಹಾಡು ಕೇಳಲೆಂದೇ ಆಟಕ್ಕೆ ಬರುವವರಿದ್ದಾರೆ. ಹಿಮ್ಮೇಳಕ್ಕೆ ಹೆಸರು ಕೊಡುವುದು ನಮಗೆ ಗೊತ್ತಿಲ್ಲದ ವಿದ್ಯೆಯಲ್ಲ. ಸಭೆಯಲ್ಲಿ ಗೊತ್ತಿದೆ, ಬಯಲಾಟದಲ್ಲಿ ಗೊತ್ತಿದೆ. ನೀಲಗಾರರ ಚಪ್ಪರಕ್ಕೆ ಬಂದಾಗ ಮಾತ್ರ ಮರೆತುಹೋಗುತ್ತದೆ. ನೀಲಗಾರರಲ್ಲಿ ಬಹುಪಾಲು ಯಾವ ಕೇರಿಗಳಿಂದ ಬಂದವರು ಎಂದು ನೆನಪಿಸಿಕೊಂಡರೆ ಈ ಮರೆವು ಅಷ್ಟು ಮುಗ್ಧವಾಗಿ ಕಾಣುವುದಿಲ್ಲ. ಅವರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆಯುವ ರೂಢಿ ಊರಿಗೇ ಹೊಸದು.

ಕಾನೂನಿನತ್ತ ಒಂದು ನೋಟ. 1957ರ ಕೃತಿಸ್ವಾಮ್ಯ ಕಾಯ್ದೆ ಹಾಡುವವರಿಗೂ ಬಾರಿಸುವವರಿಗೂ ಪ್ರದರ್ಶಕರ ಹಕ್ಕು ಕೊಡುತ್ತದೆ. ಪ್ರದರ್ಶಕರು ಯಾರು ಎಂಬ ವ್ಯಾಖ್ಯೆಯಲ್ಲಿ ನಟರು, ಗಾಯಕರು, ನರ್ತಕರ ಜೊತೆಗೆ ಹಾವಾಡಿಗರೂ ಇದ್ದಾರೆ. ಅಷ್ಟು ಉದಾರ! ಆ ಹಕ್ಕು 50 ವರ್ಷ ಬಾಳುತ್ತದೆ. 2012ರ ತಿದ್ದುಪಡಿ ಇನ್ನೂ ಮುಂದೆ ಹೋಗಿ, ಇದನ್ನು ಹಾಡಿದ್ದು ನಾನು ಎಂದು ಹೇಳಿಸಿಕೊಳ್ಳುವ ನೈತಿಕ ಹಕ್ಕನ್ನೂ ಕೊಟ್ಟಿತು. ಜೊತೆಗೇ ಒಂದು ಬಾಲ ಅಂಟಿಸಿತು. ಸಿನಿಮಾದಲ್ಲಿ ಯಾರ ಪ್ರದರ್ಶನ ಪ್ರಾಸಂಗಿಕವೋ, ಉದ್ಯಮದ ರೂಢಿಯಂತೆ ಯಾರ ಹೆಸರನ್ನು ಹೆಸರುಪಟ್ಟಿಯಲ್ಲಾಗಲಿ ಬೇರೆಲ್ಲಾಗಲಿ ಹಾಕುವುದಿಲ್ಲವೋ, ಅಂಥವರನ್ನು ಪ್ರದರ್ಶಕರು ಎಂದು ಎಣಿಸುವಂತಿಲ್ಲ. ತಮ್ಮ ಪ್ರದರ್ಶನವನ್ನು ವಿರೂಪಗೊಳಿಸದಂತೆ ತಡೆಯುವ ಹಕ್ಕೊಂದು ಮಾತ್ರ ಅವರಿಗೆ ಉಳಿಯುತ್ತದೆ. ಮಾದಪ್ಪನ ಹಾಡು, ಕಂಸಾಳೆಯ ಬೀಸು ಕನ್ನಡ ಸಿನಿಮಾಕ್ಕೆ ಎಷ್ಟು ಸಲ ಬಂದಿಲ್ಲ? ಅಲ್ಲಿ ಹಿಂದೆ ಸೊಲ್ಲು ಹಿಡಿದವರ ದನಿ ಪ್ರಾಸಂಗಿಕವಲ್ಲ ಎಂದು ವಾದಿಸಬಹುದು, ವಾದಿಸಬೇಕು ಕೂಡ. ಆದರೆ ಎರಡನೆಯ ಷರತ್ತಿನಲ್ಲಿ ಅವರು ಸುಲಭವಾಗಿ ಸಿಕ್ಕಿಬೀಳುತ್ತಾರೆ. ಹೆಸರು ಹಾಕದಿರುವುದು ಅನ್ಯಾಯ ಎಂದು ಹೇಳಬೇಕಾದ ಕಾನೂನು, ಹೆಸರು ಹಾಕಿಲ್ಲ ಎಂಬುದನ್ನೇ ಹಕ್ಕು ಕಳೆಯಲು ಕಾರಣ ಮಾಡಿಕೊಂಡಿದೆ.

ಸಿನಿಮಾ ದೂರದ ಮಾತು ಎನ್ನುವವರು ಸರ್ಕಾರಿ ಸವಲತ್ತು ನೋಡಲಿ. ಕರ್ನಾಟಕ ಜಾನಪದ ಅಕಾಡೆಮಿಯ ವಾರ್ಷಿಕ ಪ್ರಶಸ್ತಿ ಜಿಲ್ಲೆಗೊಬ್ಬರಂತೆ ಹಂಚಿಕೆಯಾಗುತ್ತದೆ. ನಾಲ್ವರು ಸೇರಿ ಮಾಡುವ ಕಲೆಗೆ ಒಬ್ಬರ ಹೆಗಲಿಗೆ ಶಾಲು. ಅದೂ ಇಡೀ ಮೈಸೂರು ಜಿಲ್ಲೆಯ ಎಲ್ಲ ಕಲೆಗಳ ನಡುವಿನ ಸ್ಪರ್ಧೆಯಲ್ಲಿ. ಸರ್ಕಾರಿ ಕಾರ್ಯಕ್ರಮದ ಸಂಭಾವನೆ ತಂಡದ ನಾಯಕರ ಖಾತೆಗೆ ಜಮೆಯಾಗುವುದು ರೂಢಿ. ಅಲ್ಲಿಂದ ಮುಂದೆ ಅದು ಹೇಗೆ ಹಂಚಿಕೆಯಾಗುತ್ತದೆ ಎಂಬುದು ನಾಯಕರ ಮನಸ್ಸಾಕ್ಷಿಗೆ ಬಿಟ್ಟದ್ದು. ಮನಸ್ಸಾಕ್ಷಿ ಇರುವ ನಾಯಕರೇ ಹೆಚ್ಚು ಎಂದೇ ನಂಬುತ್ತೇನೆ, ಆದರೆ ಒಂದು ಇಲಾಖೆ ನಂಬಿಕೆಯ ಮೇಲೆ ನಡೆಯಬಾರದು. ಕೊನೆಗೆ ವಯಸ್ಸಾದಾಗ ಕಷ್ಟದಲ್ಲಿರುವ ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕಬೇಕು. ಕಲಾಸೇವೆಗೆ ದಾಖಲೆ ಕೇಳುತ್ತಾರೆ: ಆಹ್ವಾನ ಪತ್ರಿಕೆ, ಪ್ರಮಾಣಪತ್ರ, ಪತ್ರಿಕೆಯ ತುಣುಕು, ಫೋಟೊ. ಜೀವಮಾನವಿಡೀ ದಮ್ಮಡಿ ಬಡಿದು ಸೊಲ್ಲು ಹಿಡಿದವರು ಯಾವ ಕಾಗದ ತೋರಿಸಬೇಕು? ಅವರ ಬಳಿ ಇರುವ ಆಹ್ವಾನ ಪತ್ರಿಕೆಗಳಲ್ಲೆಲ್ಲ ಇನ್ನೊಬ್ಬರ ಹೆಸರಿದೆ, ಕೆಳಗೆ ಸಂಗಡಿಗರು ಎಂದಿದೆ. ಆ ಸಂಗಡಿಗ ನಾನೇ ಸ್ವಾಮಿ ಎಂದು ಮೇಜಿನ ಆಚೆ ಕೂತವರನ್ನು ನಂಬಿಸುವುದು ಸುಲಭವಲ್ಲ.

ಎದುರುವಾದಗಳಿವೆ. ಮೊದಲನೆಯದು, ಇದು ದೇವರ ಸೇವೆ, ದೀಕ್ಷೆ ಪಡೆದವರಿಗೆ ಹೆಸರಿನ ಹಂಗೇಕೆ ಎಂಬುದು. ಕೇಳಲು ಚೆನ್ನಾಗಿದೆ. ಆದರೆ ಮುಂದಿನವರೂ ಅದೇ ದೀಕ್ಷೆ ಪಡೆದವರು, ಅವರ ಹೆಸರನ್ನು ನಾವು ದೊಡ್ಡ ಅಕ್ಷರದಲ್ಲೇ ಹಾಕುತ್ತೇವೆ. ಅನಾಮಿಕತೆ ಅಷ್ಟು ಪವಿತ್ರವಾದರೆ ಎಲ್ಲರಿಗೂ ಇರಲಿ.

ಎರಡನೆಯದು ಹೆಚ್ಚು ಗಟ್ಟಿ. ಹಿಮ್ಮೇಳ ಎಂದರೆ ಕಲಿಕೆಯ ಮೆಟ್ಟಿಲು, ಇವತ್ತು ಹಿಂದೆ ಹಾಡಿದವನು ನಾಳೆ ಮುಂದೆ ಬರುತ್ತಾನೆ, ಕಥೆಯ ಇಡೀ ಭಂಡಾರ ಹೊತ್ತ ಮುಂದಿನವರಿಗೂ ಎರಡು ಸೊಲ್ಲು ಕಲಿತ ಹುಡುಗನಿಗೂ ಒಂದೇ ತಕ್ಕಡಿಯೇ ಎಂಬುದು. ಇದರಲ್ಲಿ ಸತ್ಯವಿದೆ. ರಾತ್ರಿಗಟ್ಟಲೆ ಸಾಲುಗಳನ್ನು ಕಟ್ಟುವ ಶಕ್ತಿಗೆ ಹೆಚ್ಚಿನ ಪಾಲು ಸಲ್ಲಲೇಬೇಕು, ಸಮಪಾಲು ನಾನು ಕೇಳುತ್ತಿಲ್ಲ. ಆದರೆ ಎಲ್ಲ ಹಿಮ್ಮೇಳದವರೂ ಉಮೇದುವಾರರಲ್ಲ. ಹಿಂದೆಯೇ ನಿಂತು ಪಳಗಿ, ಅದರಲ್ಲೇ ಪ್ರೌಢಿಮೆ ಗಳಿಸಿ, ಮುಂದೆ ಬರುವ ಆಸೆಯಿಲ್ಲದೆ ಮುದುಕರಾದವರಿದ್ದಾರೆ. ಅವರಿಗೆ ಇದು ಮೆಟ್ಟಿಲಲ್ಲ, ಮನೆ. ಅಮೆರಿಕದ ಹಿಮ್ಮೇಳ ಗಾಯಕಿಯರ ಬಗ್ಗೆ 2013ರಲ್ಲಿ ಬಂದು ಮರುವರ್ಷ ಆಸ್ಕರ್ ಗೆದ್ದ ಸಾಕ್ಷ್ಯಚಿತ್ರವೊಂದಿದೆ, ‘ಟ್ವೆಂಟಿ ಫೀಟ್ ಫ್ರಮ್ ಸ್ಟಾರ್‌ಡಮ್’. ಮುಂದೆ ಬರಬೇಕೆಂದು ಹಂಬಲಿಸಿದವರೂ ಅದರಲ್ಲಿದ್ದಾರೆ, ಹಿಂದೆಯೇ ಸುಖವಾಗಿ ಉಳಿದವರೂ ಇದ್ದಾರೆ. ಇಬ್ಬರಿಗೂ ಹೆಸರು ಬೇಕು.

ಮೂರನೆಯದನ್ನು ನಾನೇ ಎತ್ತುತ್ತೇನೆ. ಎಲ್ಲರೂ ಸೇರಿ ಹಾಡುವ ಕಡೆ ಯಾರ ಹೆಸರು ಬರೆಯುವುದು? ಎಪ್ಪತ್ತು ಎಂಬತ್ತರ ದಶಕಗಳಲ್ಲಿ ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ ಸಿದ್ಧಲಿಂಗಯ್ಯನವರ ಹಾಡನ್ನು ಒಬ್ಬರು ಎತ್ತಿಕೊಟ್ಟರೆ ಮೈದಾನವೇ ಹಿಮ್ಮೇಳವಾಗುತ್ತಿತ್ತು. ಸುತ್ತೂರು ಜಾತ್ರೆಯ ಭಜನಾ ಮೇಳದಲ್ಲೂ ಕೂತವರು ಸೇರಿ ಹಾಡಿಬಿಡುತ್ತಾರೆ. ಅಲ್ಲಿ ಹೆಸರಿನ ಲೆಕ್ಕ ಬೇಡ. ನನ್ನ ಮಾತು ಕಲಿತ ಹಿಮ್ಮೇಳಕ್ಕೆ ಮಾತ್ರ ಸಲ್ಲುತ್ತದೆ. ಗುರುತಿಸುವುದು ಕಷ್ಟವಲ್ಲ. ಒಬ್ಬರು ಬರದಿದ್ದರೆ ಅವತ್ತಿನ ಕಥೆ ನಿಲ್ಲುತ್ತದೆ ಎಂದಾದರೆ, ಅವರ ಹೆಸರು ಬರೆಯಬೇಕು.

ಈ ಲೆಕ್ಕದಲ್ಲಿ ಹೆಂಗಸರ ಕಥೆ ಇನ್ನೂ ಹಿಂದೆ ಬಿದ್ದಿದೆ. ಮದುವೆಯ ಸೋಬಾನೆ, ಗದ್ದೆಯ ನಾಟಿಹಾಡು ಎರಡರಲ್ಲೂ ಒಬ್ಬಳು ಹೇಳಿಕೊಡುತ್ತಾಳೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಕಬಿನಿ ನಾಲೆಯ ನೀರು ಬಂದ ವಾರದಲ್ಲಿ ನಾಟಿಯಾಳುಗಳ ಗುಂಪು ಇಷ್ಟು ಗದ್ದೆಗೆ ಇಷ್ಟು ಎಂದು ಗುತ್ತಿಗೆ ಮಾತಾಡುತ್ತದೆ, ಕೂಲಿಯನ್ನು ತಲೆಗೆ ಇಷ್ಟೆಂದು ಹಂಚಿಕೊಳ್ಳುತ್ತದೆ. ಕೆಲಸಕ್ಕೆ ತಲೆ ಎಣಿಸುವ ಅದೇ ಹೆಂಗಸರನ್ನು ಹಾಡಿಗೆ ವೇದಿಕೆ ಹತ್ತಿಸಿದಾಗ ‘ಮತ್ತು ಸಂಗಡಿಗರು’ ಮಾಡುತ್ತೇವೆ.

ಜಮೈಕಾದಿಂದ ಕಲಿಯಬೇಕಾದ ಇನ್ನೊಂದು ಸಂಗತಿ ಸಿಹಿಯಲ್ಲ. 1985ರಲ್ಲಿ ವೇಯ್ನ್ ಸ್ಮಿತ್‌ನ ‘ಅಂಡರ್ ಮಿ ಸ್ಲೆಂಗ್ ಟೆಂಗ್’ ಬಂತು. ಅಂಗಡಿಯಲ್ಲಿ ಸಿಗುವ ಕ್ಯಾಸಿಯೊ ಕೀಬೋರ್ಡಿನೊಳಗೆ ಮೊದಲೇ ತುಂಬಿಟ್ಟ ಲಯದ ಮೇಲೆ ಕಟ್ಟಿದ ಹಾಡು ಅದು. ಡಾನ್ಸ್‌ಹಾಲ್ ಸಂಗೀತ ಆಮೇಲೆ ಆ ಹಾದಿ ಹಿಡಿಯಿತು. ಒಂದು ಯಂತ್ರದ ಲಯ, ಅದರ ಮೇಲೆ ಹತ್ತಾರು ಜನ ಬೇರೆಬೇರೆ ಹಾಡು. ಸ್ಟುಡಿಯೊಗಳಲ್ಲಿ ಕೂತು ಬಾರಿಸುತ್ತಿದ್ದವರಿಗೆ, ಹಿಂದೆ ನಿಂತು ಹಾಡುತ್ತಿದ್ದವರಿಗೆ ಕೆಲಸ ಕಡಿಮೆಯಾಯಿತು. ನಮ್ಮ ಜಾತ್ರೆಗಳ ವೇದಿಕೆಯಲ್ಲಿ ಈಗ ನಡೆಯುತ್ತಿರುವುದು ಅದೇ. ಕೀಬೋರ್ಡು, ರಿದಮ್ ಪ್ಯಾಡು, ಮೊಬೈಲಿನಲ್ಲಿ ಟ್ರ್ಯಾಕು. ಮಾದಪ್ಪನ ಹಾಡಿಗೆ ಕೋರಸ್ಸೂ ಟ್ರ್ಯಾಕಿನಲ್ಲೇ ಇರುತ್ತದೆ. ಮುಂದಿನವರೊಬ್ಬರು ಬಂದರೆ ಸಾಕು, ಮೂವರ ಖರ್ಚು ಉಳಿಯಿತು. ಆದರೆ ಮುಂದಿನವರಿಗೆ ಸಾಲು ಮರೆತರೆ ಟ್ರ್ಯಾಕು ಇನ್ನೊಂದು ಸುತ್ತು ತಿರುಗಿ ಕಾಯುವುದಿಲ್ಲ. ಹಾಗಾಗಿ ಅವರು ಆ ರಾತ್ರಿಯ ಪದ ಕಟ್ಟುವುದನ್ನು ಬಿಟ್ಟು, ಮೂರು ನಾಲ್ಕು ನಿಮಿಷದ ಗಟ್ಟಿಯಾದ ಹಾಡುಗಳನ್ನಷ್ಟೇ ಹಾಡುತ್ತಾರೆ. ಹಿಮ್ಮೇಳ ಹೋದರೆ ಬೆಡಗು ಹೋಯಿತು ಎಂದಲ್ಲ, ಕಾವ್ಯವೇ ಹೋಗುತ್ತದೆ. ಹಟ್ಟಿಯ ಹುಡುಗನೊಬ್ಬ ನಂಜನಗೂಡಿನ ಕೈಗಾರಿಕಾ ಪ್ರದೇಶದ ಪಾಳಿ ಕೆಲಸ ಬಿಟ್ಟು, ಹೆಸರೂ ಇಲ್ಲದ, ಹಣವೂ ಗ್ಯಾರಂಟಿಯಿಲ್ಲದ ಹಿಮ್ಮೇಳಕ್ಕೆ ಏಕೆ ಬಂದಾನು?

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ತಂಡಗಳಿಗೆ ಕಾರ್ಯಕ್ರಮ ಕೊಡುವಾಗ ಎಲ್ಲ ಸದಸ್ಯರ ಹೆಸರು, ಯಾರು ಏನು ನುಡಿಸುತ್ತಾರೆ, ಯಾರು ಸೊಲ್ಲು ಹಿಡಿಯುತ್ತಾರೆ ಎಂಬುದನ್ನು ಆದೇಶಪತ್ರದಲ್ಲೇ ಬರೆಯಲಿ. ಸಂಭಾವನೆ ಅವರವರ ಖಾತೆಗೆ, ತಂಡವೇ ಒಪ್ಪಿದ ಪಾಲಿನಂತೆ, ನೇರ ಹೋಗಲಿ. ಆ ಆದೇಶಪತ್ರದ ಪ್ರತಿ ಪ್ರತಿಯೊಬ್ಬರ ಕೈಯಲ್ಲೂ ಇರಲಿ, ಮುಂದೆ ಮಾಸಾಶನಕ್ಕೆ ಅದೇ ದಾಖಲೆ. ಸುತ್ತೂರಿನಲ್ಲಿ, ಮುಡುಕುತೊರೆಯಲ್ಲಿ, ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಆಹ್ವಾನ ಪತ್ರಿಕೆ ಅಚ್ಚು ಹಾಕಿಸುವವರು ಯಕ್ಷಗಾನದ ಒಂದು ಕರಪತ್ರವನ್ನು ಮಾದರಿಗೆ ಎದುರಿಗಿಟ್ಟುಕೊಂಡರೆ ಸಾಕು. ಸಂಶೋಧಕರು ಹಳೆಯ ಧ್ವನಿಮುದ್ರಣಗಳನ್ನು ಮತ್ತೆ ತೆಗೆದು, ಮುಂದಿನವರು ಬದುಕಿರುವಾಗಲೇ ಕೇಳಬೇಕು: ಅವತ್ತು ನಿಮ್ಮ ಹಿಂದೆ ಯಾರಿದ್ದರು? ಅವರಿಗೆ ಖಂಡಿತ ನೆನಪಿರುತ್ತದೆ.